ತೆರೆದ ಹಾಟ್ ರಾಡ್ ಕಾರುಗಳಲ್ಲಿ ಕೆಲವು ಸುಲಭವಾಗಿ ಮಾರಾಟವಾಗದಿರಲು ಕಾರಣಗಳು

೧. ಪೀಠಿಕೆ

ಪದಾರ್ಥವೊಂದರ ಬೆಲೆಯೂ ಇತಿಹಾಸದ ಆಧಾರಗಳಲ್ಲೊಂದು. ಗದ್ದೆಯೊಂದನ್ನು ಇಷ್ಟು ಗದ್ಯಾಣಕ್ಕೆ ಕೊಂಡುದಾಗಿ ಶಾಸನದಲ್ಲಿ ಕಂಡಾಗ ನಾವು ಅದನ್ನು ಆಸಕ್ತಿಯಿಂದ ಗುರುತುಹಾಕಿಕೊಳ್ಳುತ್ತೇವೆ. ಆದರೆ ಈ ಆಧಾರಕ್ಕೆ ಒಂದು ಕೊರತೆಯುಂಟು. ಮಾರಾಟವಾದುದಕ್ಕೆ ಪತ್ರವಿರುತ್ತದೆ, ಮಾರಾಟವಾಗದೆ ಉಳಿದುದಕ್ಕೆ ಪತ್ರವಿರುವುದಿಲ್ಲ. ಕೊಳ್ಳುವವರಿಲ್ಲದೆ ಮೂಲೆಗೆ ಬಿದ್ದ ವಸ್ತು ಕ್ರಮೇಣ ಇತಿಹಾಸದ ಕಣ್ಣಿನಿಂದಲೂ ಮರೆಯಾಗುತ್ತದೆ. ಹೀಗೆ ಮರೆಯಾಗುವ ಕ್ರಮವನ್ನು ಒಂದು ಚಿಕ್ಕ ಉದಾಹರಣೆಯ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಉದಾಹರಣೆಯನ್ನು ಅಮೆರಿಕ ಸಂಯುಕ್ತ ಸಂಸ್ಥಾನದಿಂದ ಆರಿಸಿಕೊಂಡಿದೆ. ಹಳೆಯ ಕಾರೊಂದನ್ನು ಕೊಂಡು, ಅದರ ಭಾರವನ್ನು ಕಡಮೆ ಮಾಡಿ, ಎಂಜಿನ್ನಿನ ಬಲವನ್ನು ಹೆಚ್ಚಿಸಿ, ವೇಗಕ್ಕಾಗಿಯೇ ಮಾರ್ಪಡಿಸಿದ ವಾಹನಕ್ಕೆ ಅಲ್ಲಿ ಹಾಟ್ ರಾಡ್ ಎಂಬ ಹೆಸರುಂಟು. ಇವುಗಳಲ್ಲಿ ಮೇಲ್ಚಾವಣಿಯನ್ನು ತೆರೆಯಬಹುದಾದ ಕಾರುಗಳೆಲ್ಲ ಒಂದೇ ಜಾತಿಯವೆಂದು ಹೊರಗಿನವರು ತಿಳಿಯುವುದು ಸಹಜ. ಆದರೆ ಆ ವ್ಯಾಪಾರದಲ್ಲಿ ಪಳಗಿದವರು ಬಲ್ಲಂತೆ, ಒಂದೇ ಕಂಪನಿಯ ಒಂದೇ ವರ್ಷದ ಎರಡು ತೆರೆದ ಕಾರುಗಳ ಪೈಕಿ ಒಂದಕ್ಕೆ ಕೊಳ್ಳುವವರು ಮುಗಿಬೀಳುವರು. ಇನ್ನೊಂದು ತಿಂಗಳುಗಟ್ಟಲೆ ಕಾದು ನಿಂತಿರುವುದು. ಎರಡನೆಯದರ ಕೆಲಸಗಾರಿಕೆ ಮೊದಲನೆಯದಕ್ಕಿಂತ ಕೀಳೇನೂ ಆಗಿರಬೇಕಾಗಿಲ್ಲ. ಹಾಗಾದರೆ ಈ ತಾರತಮ್ಯಕ್ಕೆ ಕಾರಣವೇನು?

೧೯೩೨ರ ಒಂದು ಬೆಲೆಪಟ್ಟಿ ಈ ಪ್ರಶ್ನೆಯನ್ನು ಇನ್ನಷ್ಟು ತೊಡಕಾಗಿಸುತ್ತದೆ. ಆ ವರ್ಷದ ಮಾರ್ಚ್ ೩೧ರಂದು ಫೋರ್ಡ್ ಕಂಪನಿಯು ಎಂಟು ಸಿಲಿಂಡರುಗಳ ಹೊಸ ವಿ-೮ ಎಂಜಿನ್ನಿನ ಕಾರನ್ನು ಜನರ ಮುಂದಿಟ್ಟಿತು. ಅದರಲ್ಲಿ ಸಾಧಾರಣ ರೋಡ್‌ಸ್ಟರಿನ ಬೆಲೆ ೪೬೦ ಡಾಲರು. ಕ್ಯಾಬ್ರಿಯೊಲೆಯ ಬೆಲೆ ೬೧೦ ಡಾಲರು. ಬಿ-೪೦೦ ಎಂದು ಹೆಸರಾದ ತೆರೆಯುವ ಸೆಡಾನಿನ ಬೆಲೆ ೬೫೦ ಡಾಲರು. ಈ ಮೂರೂ ತೆರೆದ ಕಾರುಗಳೇ. ಅಂದು ಅತ್ಯಂತ ಅಗ್ಗವಾಗಿದ್ದ ರೋಡ್‌ಸ್ಟರೇ ಇಂದು ಹಾಟ್ ರಾಡ್ ಲೋಕದಲ್ಲಿ ಶಿಖರಸ್ಥಾನದಲ್ಲಿದೆ. ಅದಕ್ಕಿಂತ ೧೫೦ ಡಾಲರು ಹೆಚ್ಚು ಬೆಲೆಬಾಳುತ್ತಿದ್ದ ಕ್ಯಾಬ್ರಿಯೊಲೆಯನ್ನು ಹಾಟ್ ರಾಡ್ ಆಗಿ ಮಾರ್ಪಡಿಸಿದಾಗ ಅದು ರೋಡ್‌ಸ್ಟರಿನ ಹಿಂದೆ ನಿಲ್ಲುತ್ತದೆ. ಸುಖವೂ ಸೌಕರ್ಯವೂ ಹೆಚ್ಚಾಗಿದ್ದ ವಸ್ತು ಹಿಂದಾಗಿ, ಬಡವರ ವಸ್ತು ಮುಂದಾದ ಈ ವಿಪರ್ಯಾಸದ ಬೇರು ಇತಿಹಾಸದಲ್ಲಿದೆಯೇ ಹೊರತು ಲೋಹದಲ್ಲಿಲ್ಲ.

೨. ತೆರೆದ ಕಾರಿನ ಇಳಿಗಾಲ

ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ಒಂದು ಕಾಲದಲ್ಲಿ ರೋಡ್‌ಸ್ಟರೇ ಮಾರಾಟವಾಗದ ಸರಕಾಗಿತ್ತು. ಮೊದಲನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ, ಎಂದರೆ ೧೯೧೯ರಲ್ಲಿ, ಅಮೆರಿಕದಲ್ಲಿ ತಯಾರಾಗುತ್ತಿದ್ದ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ತೆರೆದವು. ಗಾಜು, ಬಾಗಿಲು, ಗಟ್ಟಿ ಚಾವಣಿಗಳುಳ್ಳ ಮುಚ್ಚಿದ ಕಾರು ಸಿರಿವಂತರ ಸೊತ್ತು. ೧೯೨೨ರಲ್ಲಿ ಹಡ್ಸನ್ ಕಂಪನಿಯು ಎಸೆಕ್ಸ್ ಎಂಬ ಹೆಸರಿನಲ್ಲಿ ಅಗ್ಗದ ಮುಚ್ಚಿದ ಕಾರೊಂದನ್ನು ತಂದ ಮೇಲೆ ಪರಿಸ್ಥಿತಿ ತ್ವರೆಯಾಗಿ ಬದಲಾಯಿತು. ೧೯೨೫ರ ವೇಳೆಗೆ ಅದರ ಬೆಲೆ ಅದೇ ಕಂಪನಿಯ ತೆರೆದ ಕಾರಿಗಿಂತ ಕೆಳಗಿಳಿಯಿತು. ೧೯೨೭ರ ಹೊತ್ತಿಗೆ ಹೊಸ ಕಾರುಗಳಲ್ಲಿ ಐದಕ್ಕೆ ನಾಲ್ಕು ಪಾಲಿಗಿಂತ ಹೆಚ್ಚು ಮುಚ್ಚಿದವೇ ಆಗಿದ್ದುವು. ಹತ್ತು ವರ್ಷ ತುಂಬುವುದರೊಳಗೆ ಒಂದು ಸಮಾಜದ ಅಭಿರುಚಿ ಹೀಗೆ ತಲೆಕೆಳಗಾದುದಕ್ಕೆ ಉದಾಹರಣೆಗಳು ವಿರಳ.

ಮಳೆ, ಚಳಿ, ಧೂಳುಗಳಿಂದ ರಕ್ಷಣೆ ಬಯಸಿದ ಸಂಸಾರಿಗಳು ತೆರೆದ ಕಾರನ್ನು ಬಿಟ್ಟುಕೊಟ್ಟರು. ಅದಕ್ಕೆ ಉತ್ತರವಾಗಿಯೇ ಕಂಪನಿಗಳು ನಡುವಣ ರೂಪವೊಂದನ್ನು ಕಲ್ಪಿಸಿದುವು. ಫೋರ್ಡ್ ಕಂಪನಿಯು ೧೯೨೯ರಲ್ಲಿ ತನ್ನ ಮಾಡೆಲ್ ಎ ಕಾರುಗಳ ಸಾಲಿಗೆ ಕ್ಯಾಬ್ರಿಯೊಲೆಯನ್ನು ಸೇರಿಸಿತು. ಬೇಕಾದಾಗ ತೆರೆದ ಕಾರು, ಬೇಡವಾದಾಗ ಬಾಗಿಲಿನ ಗಾಜನ್ನು ಹಿಡಿಕೆ ತಿರುಗಿಸಿ ಏರಿಸಿಕೊಂಡು ಬೆಚ್ಚಗಿರುವ ಮುಚ್ಚಿದ ಕಾರು: ಇದು ಅದರ ಉದ್ದೇಶ. ರೋಡ್‌ಸ್ಟರಿನಲ್ಲಿ ಇಂಥ ಗಾಜಿರಲಿಲ್ಲ. ಮಳೆ ಬಂದರೆ ಪಕ್ಕಕ್ಕೆ ಬಟ್ಟೆಯ ಪರದೆಗಳನ್ನು ಸಿಕ್ಕಿಸಿಕೊಳ್ಳಬೇಕಾಗಿತ್ತು. ಆದಕಾರಣ ಹೊಸ ಕಾರಿನ ಮಾರುಕಟ್ಟೆಯಲ್ಲಿ ರೋಡ್‌ಸ್ಟರ್ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತ ಬಂದು, ಫೋರ್ಡ್ ಕಾರುಗಳಲ್ಲಿ ೧೯೩೭ರೊಂದಿಗೆ ಮುಕ್ತಾಯವಾಯಿತು. ಬಟ್ಟೆಯ ಚಾವಣಿಯ ನಾಲ್ಕು ಬಾಗಿಲಿನ ಫೀಟನ್ ಅದರ ಮರುವರ್ಷ ನಿಂತುಹೋಯಿತು. ಆಮೇಲೆ ಉಳಿದ ತೆರೆದ ಫೋರ್ಡುಗಳೆಲ್ಲ ಏರುವ ಗಾಜುಳ್ಳವೇ.

ಹೊಸತರಲ್ಲಿ ಬೇಡವಾದುದು ಹಳತಾದ ಮೇಲೆ ಇನ್ನಷ್ಟು ಅಗ್ಗವಾಗುವುದು ವ್ಯಾಪಾರದ ನಿಯಮ. ಆರ್ಥಿಕ ಮುಗ್ಗಟ್ಟಿನ ಆ ದಶಕದಲ್ಲಿ ಹಳೆಯ ಕಾರುಗಳನ್ನು ಮಾರುವ ಅಂಗಳಗಳಲ್ಲಿ ಸಂಸಾರಿಗಳು ಮುಟ್ಟದ ರೋಡ್‌ಸ್ಟರುಗಳು ಕೆಲವೇ ಡಾಲರುಗಳಿಗೆ ಸಿಕ್ಕುತ್ತಿದ್ದುವು. ಕೈಯಲ್ಲಿ ಹಣವಿಲ್ಲದ, ಆದರೆ ಕೆಲಸ ಬಲ್ಲ ತರುಣರು ಅವನ್ನು ಕೊಂಡರು. ಹಾಟ್ ರಾಡ್ ಸಂಪ್ರದಾಯದ ಬುಡದಲ್ಲಿರುವುದು ಮಾರಾಟವಾಗದೆ ಉಳಿದ ವಸ್ತುವೆಂಬುದನ್ನು ನಾವು ಮರೆಯಕೂಡದು.

೩. ಒಣಸರೋವರಗಳ ಕಾಲ

ದಕ್ಷಿಣ ಕ್ಯಾಲಿಫೋರ್ನಿಯದ ಮೊಹಾವೆ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್ ಮೊದಲಾದ ಒಣಸರೋವರಗಳುಂಟು. ಮೈಲಿಗಟ್ಟಲೆ ಹರಡಿಕೊಂಡಿರುವ ಆ ಗಟ್ಟಿ ಜೇಡಿಮಣ್ಣಿನ ಬಯಲು, ಹುಚ್ಚುವೇಗದಲ್ಲಿ ಓಡಿಸಬಯಸುವ ತರುಣರಿಗೆ ಪ್ರಕೃತಿಯೇ ಹಾಸಿಕೊಟ್ಟ ಹಾದಿಯಾಗಿತ್ತು. ಅಲ್ಲಿಯ ಓಟಗಳಿಗೆ ಒಂದು ಶಿಸ್ತನ್ನು ತರುವ ಸಲುವಾಗಿ ೧೯೩೭ರ ಕೊನೆಯಲ್ಲಿ ಹಲವು ಸಂಘಗಳು ಕೂಡಿ ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದುವು. ಗೊತ್ತಾದ ದೂರವನ್ನು ಕಾರು ಎಷ್ಟು ಹೊತ್ತಿನಲ್ಲಿ ದಾಟುತ್ತದೆಂದು ಅಳೆದು ವೇಗವನ್ನು ದಾಖಲು ಮಾಡುವುದು ಅದರ ಕೆಲಸ.

ಪ್ರಸ್ತುತ ವಿಷಯಕ್ಕೆ ಮುಖ್ಯವಾದ ಸಂಗತಿ ಈ ಸಂಸ್ಥೆಯ ವರ್ಗೀಕರಣ. ಮೊದಲ ವರ್ಷಗಳಲ್ಲಿ ಅದು ರೋಡ್‌ಸ್ಟರುಗಳಿಗೂ, ಓಟಕ್ಕೆಂದೇ ನಿರ್ಮಿಸಿದ ಕೆಲವು ಬಗೆಯ ವಾಹನಗಳಿಗೂ ಮಾತ್ರ ಅವಕಾಶವಿತ್ತಿತು. ಮುಚ್ಚಿದ ಕೂಪೆಗಳಿಗೆ ಅಲ್ಲಿ ಸ್ಥಳವಿರಲಿಲ್ಲ. ಎರಡನೆಯ ಮಹಾಯುದ್ಧದ ಅನಂತರ ಹುಟ್ಟಿದ ರಸೆಟ್ಟಾ ಟೈಮಿಂಗ್ ಅಸೋಸಿಯೇಷನ್ನಿನಂಥ ಪ್ರತಿಸ್ಪರ್ಧಿ ಸಂಸ್ಥೆಯಲ್ಲಿ ಅವು ಆಶ್ರಯ ಪಡೆದುವು. ಓಟದ ನಿಬಂಧನೆಯೆಂಬುದು ಅಂದಿನ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು. ಆದರೆ ಅದೇ ಕಾಲಕ್ರಮದಲ್ಲಿ ಕುಲದ ಮೇಲು ಕೀಳುಗಳಂತೆ ನೆಲೆಯೂರಿತು. ಒಣಸರೋವರದಲ್ಲಿ ಓಡಿದ ರೋಡ್‌ಸ್ಟರೇ ನಿಜವಾದ ಹಾಟ್ ರಾಡ್, ಉಳಿದುವು ಅದರ ಛಾಯೆಗಳು ಎಂಬ ಭಾವನೆ ಅಲ್ಲಿಂದ ಬಂದುದೇ.

ರೋಡ್‌ಸ್ಟರಿನ ರಚನೆಯೂ ಇದಕ್ಕೆ ಒದಗಿಬಂತು. ೧೯೩೨ರ ಫೋರ್ಡ್ ರೋಡ್‌ಸ್ಟರಿನ ಮುಂಗಾಜಿನ ಕಂಬಗಳನ್ನು ದೇಹಕ್ಕೆ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಶನಿವಾರ ಸಂಜೆ ಬೋಲ್ಟು ಬಿಚ್ಚಿ ಮುಂಗಾಜನ್ನೂ ಬಟ್ಟೆಯ ಚಾವಣಿಯನ್ನೂ ಮಡ್‌ಗಾರ್ಡುಗಳನ್ನೂ ತೆಗೆದಿಟ್ಟು, ಭಾನುವಾರ ಓಡಿಸಿ, ಸೋಮವಾರ ಮತ್ತೆ ಜೋಡಿಸಿಕೊಂಡು ಕೆಲಸಕ್ಕೆ ಹೋಗಬಹುದಾಗಿತ್ತು. ಹೊಸ ವಿ-೮ ಎಂಜಿನ್ನು ೨೨೧ ಘನ ಅಂಗುಲದ್ದು; ಕಂಪನಿಯಿಂದ ಬಂದಂತೆ ಅದರ ಬಲ ೬೫ ಅಶ್ವಶಕ್ತಿ. ಅಷ್ಟು ಬಲವನ್ನು ಅಷ್ಟು ಹಗುರವಾದ ಕಾರಿನಲ್ಲಿ ಅಷ್ಟು ಅಗ್ಗವಾಗಿ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

೪. ಕ್ಯಾಬ್ರಿಯೊಲೆಯ ಸಂಕಟ

ಈಗ ಕ್ಯಾಬ್ರಿಯೊಲೆಯನ್ನು ಹೋಲಿಸಿ ನೋಡೋಣ. ಅದರ ಮುಂಗಾಜಿನ ಕಂಬಗಳು ದೇಹದ ಅಂಗವೇ ಆಗಿವೆ, ಬಿಚ್ಚಿ ತೆಗೆದಿಡುವಂತಿಲ್ಲ. ಬಾಗಿಲಿನೊಳಗೆ ಗಾಜು, ಅದನ್ನು ಏರಿಸಿ ಇಳಿಸುವ ಯಂತ್ರ, ಅದು ಜಾರುವ ಕಾಲುವೆ ಇವೆಲ್ಲ ಇವೆ. ಚಾವಣಿಗೆ ಒಳಗಡೆ ಪದರವಿದ್ದು, ಮಡಿಸಿದಾಗ ಬೆನ್ನಿನ ಮೇಲೆ ಗಂಟಿನಂತೆ ಕೂರುತ್ತದೆ. ಒಟ್ಟಿನಲ್ಲಿ ಅದು ರೋಡ್‌ಸ್ಟರಿಗಿಂತ ಭಾರವಾದುದು. ಓಟಗಾರನಿಗೆ ಭಾರವೇ ಶತ್ರು.

ಇನ್ನೊಂದು ತೊಡಕು ಚಾವಣಿಯನ್ನು ತಗ್ಗಿಸುವುದಕ್ಕೆ ಸಂಬಂಧಿಸಿದ್ದು. ಹಾಟ್ ರಾಡಿನ ನೋಟಕ್ಕೆ ತಗ್ಗಾದ ಮುಂಗಾಜು ಬೇಕೇಬೇಕು. ರೋಡ್‌ಸ್ಟರಿನಲ್ಲಿ ಎರಡು ಕಂಬಗಳನ್ನೂ ಗಾಜಿನ ಚೌಕಟ್ಟನ್ನೂ ಕತ್ತರಿಸಿ ಗಿಡ್ಡ ಮಾಡಿದರೆ ಆ ಕೆಲಸ ಬಹುಮಟ್ಟಿಗೆ ಮುಗಿಯಿತು. ಕ್ಯಾಬ್ರಿಯೊಲೆಯಲ್ಲಾದರೆ ಕಂಬ, ಮುಂಗಾಜು, ಬಾಗಿಲಿನ ಗಾಜು, ಅದರ ಚೌಕಟ್ಟು, ಚಾವಣಿಯ ಬಿಲ್ಲುಗಳು ಎಲ್ಲವನ್ನೂ ಒಂದಕ್ಕೊಂದು ಹೊಂದುವಂತೆ ಕತ್ತರಿಸಬೇಕು. ಒಂದು ತಪ್ಪಿದರೆ ಉಳಿದುದೆಲ್ಲ ತಪ್ಪುತ್ತದೆ. ಕತ್ತರಿಸದೆ ಬಿಟ್ಟರೆ ಕಾರಿನ ಕೆಳಭಾಗ ಓಟದ್ದು, ಮೇಲ್ಭಾಗ ಸಂಸಾರದ್ದು ಎಂಬಂತೆ ಕಾಣುತ್ತದೆ. ಇಂದಿನ ಕೊಳ್ಳುಗನು ಈ ಕಾರನ್ನು ನೋಡಿ 'ಏನೋ ಸರಿಯಿಲ್ಲ' ಎಂದು ಸರಿದುಹೋದರೆ, ಹೆಸರಿಟ್ಟು ಹೇಳಲಾರದ ಆ ದೋಷ ಬಹುಶಃ ಇದೇ.

ಬಿ-೪೦೦ರ ಸ್ಥಿತಿ ಇದಕ್ಕೂ ವಿಚಿತ್ರ. ೧೯೩೧ರ ಎ-೪೦೦ರಲ್ಲೂ ೧೯೩೨ರ ಬಿ-೪೦೦ರಲ್ಲೂ ಪಕ್ಕದ ಕಿಟಕಿಗಳ ಮೇಲಿನ ಚೌಕಟ್ಟು ಸ್ಥಿರವಾಗಿ ನಿಂತಿದ್ದು, ನಡುವಣ ಬಟ್ಟೆ ಮಾತ್ರ ಹಿಂದಕ್ಕೆ ಮಡಿಯುತ್ತದೆ. ಪೂರ್ತಿ ತೆರೆದುದೂ ಅಲ್ಲ, ಪೂರ್ತಿ ಮುಚ್ಚಿದುದೂ ಅಲ್ಲ. ತಯಾರಾದ ಸಂಖ್ಯೆಯೂ ಅಲ್ಪ. ಮೂಲಸ್ಥಿತಿಯಲ್ಲೇ ಕಾಪಾಡುವ ಸಂಗ್ರಾಹಕರಿಗೆ ಇಂಥ ವಿರಳವಸ್ತು ಅಮೂಲ್ಯ. ಆದರೆ ಯಾರಾದರೂ ಒಮ್ಮೆ ಅದನ್ನು ಕತ್ತರಿಸಿ ಹಾಟ್ ರಾಡ್ ಮಾಡಿದರೆಂದರೆ ಆ ಸಂಗ್ರಾಹಕರು ಕೈಬಿಡುವರು. ರೋಡ್‌ಸ್ಟರನ್ನೇ ಆರಾಧಿಸುವ ಹಾಟ್ ರಾಡ್ ಜನರೂ ಕೈಹಿಡಿಯಲಾರರು. ವಿರಳವಾದುದೆಲ್ಲ ಬೆಲೆಬಾಳುವುದೆಂಬ ಸಾಮಾನ್ಯ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ. ವಿರಳತೆಗೆ ಬೆಲೆ ಬರುವುದು ಅದನ್ನು ಬಯಸುವ ಒಂದು ಸಮುದಾಯ ಎದುರಿಗಿದ್ದಾಗ ಮಾತ್ರ.

ಹಾಗೆಂದ ಮಾತ್ರಕ್ಕೆ ಏರುವ ಗಾಜಿನ ಕಾರಿಗೆ ಯಾವ ಸಂಪ್ರದಾಯವೂ ಇರಲಿಲ್ಲವೆಂದು ಭಾವಿಸಬಾರದು. ಲಾಸ್ ಏಂಜಲೀಸಿನ ಕಾರ್ಸನ್ ಟಾಪ್ ಷಾಪ್ ಎಂಬ ಕಾರ್ಯಾಗಾರದಲ್ಲಿ ತೆರೆದ ಕಾರುಗಳಿಗೆ ಮಡಿಸುವ ಚಾವಣಿಗೆ ಬದಲು ಮೆತ್ತೆ ತುಂಬಿದ, ಎತ್ತಿ ತೆಗೆದಿಡುವ ತಗ್ಗು ಚಾವಣಿಯನ್ನು ಮಾಡಿಕೊಡುತ್ತಿದ್ದರು. ಇಂಥ ಚಾವಣಿಯನ್ನು ಹೊತ್ತ ಕನ್ವರ್ಟಿಬಲ್ ಕಾರುಗಳು ನಗರದ ಬೀದಿಗಳಲ್ಲಿ ಮೆಲ್ಲಗೆ ಸಾಗುವ ಅಲಂಕೃತ ವಾಹನಗಳ ಸಾಲಿಗೆ ಸೇರಿದುವು. ಅದು 'ಕಸ್ಟಮ್' ಎಂಬ ಬೇರೆಯೇ ಮಾರ್ಗ; ಅಲ್ಲಿ ಮುಖ್ಯವಾದುದು ನೋಟವೇ ಹೊರತು ವೇಗವಲ್ಲ. ಹೀಗೆ ಕ್ಯಾಬ್ರಿಯೊಲೆ ಎರಡು ಮಾರ್ಗಗಳ ನಡುವೆ ಸಿಕ್ಕಿಕೊಂಡಿತು. ಕಸ್ಟಮ್ ಆಗಿ ಉಳಿದಿದ್ದರೆ ಅದಕ್ಕೊಂದು ಮನೆಯಿತ್ತು. ಹಾಟ್ ರಾಡ್ ಆಗಲು ಹೊರಟಾಗ ರೋಡ್‌ಸ್ಟರಿನ ಮನೆಯ ಬಾಗಿಲಲ್ಲಿ ನಿಲ್ಲಬೇಕಾಯಿತು.

ಇಲ್ಲಿ ಒಂದು ಅಪವಾದವನ್ನು ಹೇಳಬೇಕು. ೧೯೪೦ರ ಫೋರ್ಡ್ ಕನ್ವರ್ಟಿಬಲ್ ಕೂಡ ಏರುವ ಗಾಜಿನದೇ. ಆದರೂ ಅದನ್ನು ಬಯಸುವವರಿಗೆ ಕೊರತೆಯಿಲ್ಲ. ಆ ವರ್ಷ ರೋಡ್‌ಸ್ಟರೇ ಇರಲಿಲ್ಲವಾದುದರಿಂದ ಹೋಲಿಸಿ ತೆಗಳಲು ಪಕ್ಕದಲ್ಲಿ ಇನ್ನೊಂದು ಇಲ್ಲ. ಕಾರು ಕೀಳಾಗುವುದು ಗಾಜಿನಿಂದಲ್ಲ, ಒಡಹುಟ್ಟಿದುದರ ಕೀರ್ತಿಯಿಂದ.

೫. ಕೀರ್ತಿಯ ನಿರ್ಮಾಣ

ಒಣಸರೋವರದಲ್ಲಿ ಹುಟ್ಟಿದ ಅಭಿರುಚಿಯನ್ನು ದೇಶದ ಉದ್ದಗಲಕ್ಕೂ ಹರಡಿದುದು ಅಚ್ಚಿನ ಮನೆ. ೧೯೪೮ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಮತ್ತು ರಾಬರ್ಟ್ ಲಿಂಡ್ಸೆ ಅವರು 'ಹಾಟ್ ರಾಡ್' ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ೧೯೪೯ರಲ್ಲಿ ಯೂಟಾ ಸಂಸ್ಥಾನದ ಬಾನ್‌ವಿಲ್ ಉಪ್ಪುಬಯಲಿನಲ್ಲಿ ವೇಗಸಪ್ತಾಹ ಪ್ರಾರಂಭವಾಯಿತು. ಓಕ್‌ಲೆಂಡಿನ ಪ್ರದರ್ಶನದಲ್ಲಿ 'ಅಮೆರಿಕದ ಅತ್ಯಂತ ಸುಂದರ ರೋಡ್‌ಸ್ಟರ್' ಎಂಬ ಬಹುಮಾನ ೧೯೫೦ರಲ್ಲಿ ಬಿಲ್ ನೀಕ್ಯಾಂಪ್ ಅವರ ೧೯೨೯ರ ಮಾದರಿಯ ಕಾರಿಗೆ ಸಂದಿತು. ಬಹುಮಾನದ ಹೆಸರೇ ರೋಡ್‌ಸ್ಟರಿನದೆಂಬುದನ್ನು ಗಮನಿಸಬೇಕು. ೧೯೫೧ರಲ್ಲಿ ವಾಲಿ ಪಾರ್ಕ್ಸ್ ಅವರ ನೇತೃತ್ವದಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿತವಾಯಿತು. ೧೯೫೭ರಲ್ಲಿ ಲಾಸ್ ಏಂಜಲೀಸಿನಲ್ಲಿ ರೋಡ್‌ಸ್ಟರುಗಳಿಗೇ ಮೀಸಲಾದ ಸಂಘವೊಂದು ಹುಟ್ಟಿತು.

ಮುಚ್ಚಿದ ಕೂಪೆ ತನ್ನ ಕಳಂಕವನ್ನು ಹೇಗೆ ತೊಳೆದುಕೊಂಡಿತೆಂಬುದೂ ಬೋಧಪ್ರದವಾಗಿದೆ. ೧೯೬೩ರಲ್ಲಿ ಬೀಚ್ ಬಾಯ್ಸ್ ತಂಡ ೧೯೩೨ರ ಕೂಪೆಯ ಮೇಲೊಂದು ಹಾಡನ್ನು ಹಾಡಿತು. ೧೯೭೩ರಲ್ಲಿ ತೆರೆಕಂಡ 'ಅಮೆರಿಕನ್ ಗ್ರಾಫಿಟಿ' ಚಲನಚಿತ್ರದಲ್ಲಿ ಅದೇ ವರ್ಷದ ಹಳದಿ ಕೂಪೆಯೊಂದು ಪಾತ್ರವೇ ಎಂಬಂತೆ ಕಾಣಿಸಿಕೊಂಡಿತು. ಒಂದು ಕಾಲಕ್ಕೆ ಓಟದ ಬಯಲಿನಿಂದ ಹೊರಗಿಡಲ್ಪಟ್ಟ ವಾಹನಕ್ಕೆ ಹಾಡೂ ಚಿತ್ರವೂ ಮರ್ಯಾದೆಯನ್ನು ತಂದುಕೊಟ್ಟುವು. ಕ್ಯಾಬ್ರಿಯೊಲೆಗೆ ಅಂಥ ಕವಿಯಾಗಲಿ ನಿರ್ದೇಶಕನಾಗಲಿ ದೊರೆಯಲಿಲ್ಲ.

೧೯೯೭ರಲ್ಲಿ ಪೆಬಲ್ ಬೀಚಿನ ಪ್ರಸಿದ್ಧ ಕಾರು ಪ್ರದರ್ಶನದಲ್ಲಿ ಹಾಟ್ ರಾಡುಗಳಿಗೆ ಪ್ರಥಮವಾಗಿ ಒಂದು ವರ್ಗವನ್ನು ಕಲ್ಪಿಸಿದರು. ಅದುವರೆಗೆ ಅಲ್ಲಿ ಸನ್ಮಾನ ಪಡೆಯುತ್ತಿದ್ದುವು ಶ್ರೀಮಂತರ ಭವ್ಯ ವಾಹನಗಳು. ಆ ವರ್ಷ ಹಾಟ್ ರಾಡ್ ವರ್ಗದಲ್ಲಿ ಗೆದ್ದುದು ಡೋನ್ ಸ್ಪೆನ್ಸರ್ ನಿರ್ಮಿಸಿದ್ದ ೧೯೩೨ರ ರೋಡ್‌ಸ್ಟರ್. ೨೦೧೪ರಲ್ಲಿ ಅಮೆರಿಕದ ಅಂಚೆ ಇಲಾಖೆಯು ಹಾಟ್ ರಾಡುಗಳ ಅಂಚೆಚೀಟಿಗಳನ್ನು ಹೊರಡಿಸಿದಾಗಲೂ ಅವುಗಳ ಮೇಲಿದ್ದುದು ೧೯೩೨ರ ರೋಡ್‌ಸ್ಟರುಗಳೇ. ಬಡತನದಲ್ಲಿ ಹುಟ್ಟಿದ ಕಲೆಗೆ ಸಿರಿವಂತರೂ ಸರಕಾರವೂ ಹೀಗೆ ಮುದ್ರೆಯೊತ್ತಿದ ಮೇಲೆ, ಯಾವುದು ಮೇಲು ಯಾವುದು ಕೀಳು ಎಂಬ ಶ್ರೇಣಿ ಸ್ಥಿರವಾಯಿತು.

೬. ದ್ರವ್ಯ ಮತ್ತು ದಾಖಲೆ

ಇದುವರೆಗೆ ರೂಪದ ಮಾತಾಯಿತು. ರೋಡ್‌ಸ್ಟರುಗಳಲ್ಲಿಯೂ ಕೆಲವು ಮಾರಾಟವಾಗದೆ ನಿಲ್ಲುವುದುಂಟು. ಅದಕ್ಕೆ ಕಾರಣ ಬೇರೆ.

ಹಳೆಯ ಉಕ್ಕಿನ ದೇಹಗಳು ತೀರುತ್ತ ಬಂದಂತೆ ನಾರುಗಾಜಿನ, ಎಂದರೆ ಫೈಬರ್‌ಗ್ಲಾಸಿನ, ಪ್ರತಿಕೃತಿಗಳು ಮಾರುಕಟ್ಟೆಗೆ ಬಂದುವು. ಮುಂದೆ ಹೊಸ ಉಕ್ಕಿನಲ್ಲೇ ಒತ್ತಿ ತೆಗೆದ ದೇಹಗಳೂ ದೊರೆತುವು. ರೋಡ್‌ಸ್ಟರಿನ ದೇಹ ಸರಳವಾದುದರಿಂದ ಅದರ ಪ್ರತಿಕೃತಿ ಮಾಡುವುದೂ ಸುಲಭ. ಪರಿಣಾಮವಾಗಿ ರೋಡ್‌ಸ್ಟರುಗಳಲ್ಲೇ ಮೂರು ದರ್ಜೆಗಳಾದುವು: ಕಂಪನಿಯ ಮೂಲ ಉಕ್ಕು ಮೊದಲನೆಯದು, ಹೊಸ ಉಕ್ಕು ಎರಡನೆಯದು, ನಾರುಗಾಜು ಮೂರನೆಯದು. ಕಣ್ಣಿಗೆ ಮೂರೂ ಒಂದೇ. ಆದರೆ ಮೂರನೆಯದರ ಒಡೆಯನು ಖರ್ಚು ಮಾಡಿದ ಹಣದಲ್ಲಿ ಸ್ವಲ್ಪ ಭಾಗವನ್ನಾದರೂ ಮರಳಿ ಪಡೆದರೆ ಅದೃಷ್ಟವಂತನೆಂದೇ ಹೇಳಬೇಕು.

ದಾಖಲೆಯ ತೊಡಕು ಇನ್ನೂ ಗಹನವಾದುದು. ಆ ಕಾಲದ ಫೋರ್ಡುಗಳಲ್ಲಿ ಕ್ರಮಸಂಖ್ಯೆಯನ್ನು ಒತ್ತುತ್ತಿದ್ದುದು ಕೆಳಗಿನ ಚೌಕಟ್ಟಿನ ಮೇಲೆ. ಮೇಲಿನ ದೇಹದ ಮೇಲಲ್ಲ. ಹಾಟ್ ರಾಡಿನ ಚರಿತ್ರೆಯಾದರೋ ಬಿಚ್ಚಿ ಜೋಡಿಸಿದ ಚರಿತ್ರೆ. ಒಂದು ಕಾರಿನ ಚೌಕಟ್ಟು, ಇನ್ನೊಂದರ ದೇಹ, ೧೯೫೫ರಲ್ಲಿ ಬಂದ ಷೆವರ್ಲೆ ವಿ-೮ರ ವಂಶದ ಎಂಜಿನ್ನು, ಮತ್ತೆಲ್ಲಿಯದೋ ಗೇರುಪೆಟ್ಟಿಗೆ. ಹೀಗಿರುವಾಗ ಈ ಕಾರು ಯಾವ ವರ್ಷದ್ದು ಎಂಬ ಪ್ರಶ್ನೆಗೆ ಸತ್ಯವಾದ ಉತ್ತರವೇ ಇಲ್ಲದಿರಬಹುದು. ಆದರೆ ನೋಂದಣಿ ಕಚೇರಿಗೆ ಒಂದು ಉತ್ತರ ಬೇಕು. ಕ್ಯಾಲಿಫೋರ್ನಿಯದಲ್ಲಿ ೨೦೦೧ರಲ್ಲಿ ಅಂಗೀಕೃತವಾದ ಶಾಸನದ ಮೇರೆಗೆ, ವಿಶೇಷವಾಗಿ ನಿರ್ಮಿಸಿದ ಇಂಥ ವಾಹನಗಳಲ್ಲಿ ವರ್ಷಕ್ಕೆ ಮೊದಲ ೫೦೦ಕ್ಕೆ ಮಾತ್ರ ಹೊಗೆ ಪರೀಕ್ಷೆಯ ಬಗ್ಗೆ ವಿಶೇಷ ಅನುಕೂಲ ದೊರೆಯುವಂತಾಯಿತು. ಕಾಗದಪತ್ರಗಳು ಕಾರಿನೊಂದಿಗೆ ಹೊಂದದಿದ್ದರೆ ಜಾಗರೂಕನಾದ ಕೊಳ್ಳುಗನು ಹಿಂಜರಿಯುತ್ತಾನೆ. ಹಾಗೆ ಹಿಂಜರಿದರೆ ಅವನದು ತಪ್ಪೆನ್ನಲಾಗದು.

ನಮ್ಮ ದೇಶದ ನಿಯಮವನ್ನು ಹೋಲಿಕೆಗಾಗಿ ನೋಡಬಹುದು. ೨೦೨೧ರಲ್ಲಿ ಭಾರತ ಸರಕಾರ ಹೊರಡಿಸಿದ ನಿಯಮಗಳ ಪ್ರಕಾರ ಐವತ್ತು ವರ್ಷಕ್ಕಿಂತ ಹಳೆಯದಾಗಿದ್ದು, ಚೌಕಟ್ಟು, ದೇಹ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರುವ ವಾಹನವೇ ವಿಂಟೇಜ್ ಎನಿಸಿಕೊಳ್ಳುತ್ತದೆ. ಈ ಲಕ್ಷಣದಂತೆ ಹಾಟ್ ರಾಡ್ ಎಷ್ಟೇ ಹಳೆಯದಾದರೂ ವಿಂಟೇಜ್ ಅಲ್ಲ. ಅಮೆರಿಕದ ಅಭಿಮಾನಿಗಳು ಮಾರ್ಪಾಡಿಗೇ ಬೆಲೆಕೊಟ್ಟರು. ನಮ್ಮ ನಿಯಮ ಮಾರ್ಪಡದಿರುವಿಕೆಗೆ ಬೆಲೆಕೊಟ್ಟಿತು. ಹಳೆಯದನ್ನು ಗೌರವಿಸುವ ದಾರಿಗಳು ಎರಡು.

೭. ಶ್ರಮಕ್ಕೂ ಬೆಲೆಗೂ ಇರುವ ಅಂತರ

ಮಾರಲು ಹೊರಟ ನಿರ್ಮಾಪಕನ ದುಃಖ ಸಾಮಾನ್ಯವಾಗಿ ಒಂದೇ ಬಗೆಯದು: ನಾನು ಇಷ್ಟು ವರ್ಷ ದುಡಿದೆ, ಇಷ್ಟು ಹಣ ಹಾಕಿದೆ, ಅದರ ಅರ್ಧವೂ ಹುಟ್ಟುತ್ತಿಲ್ಲವಲ್ಲ ಎಂದು. ಡೇವಿಡ್ ರಿಕಾರ್ಡೊ ೧೮೧೭ರ ತನ್ನ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ, ವಸ್ತುಗಳ ಬೆಲೆಗೆ ಶ್ರಮವೇ ಆಧಾರವೆಂದು ಪ್ರತಿಪಾದಿಸುವಾಗಲೂ, ಅಪೂರ್ವ ಶಿಲ್ಪ, ಚಿತ್ರ, ಗ್ರಂಥ, ನಾಣ್ಯ ಮೊದಲಾದುವನ್ನು ಆ ನಿಯಮದಿಂದ ಹೊರಗಿಟ್ಟನು. ಅವುಗಳ ಬೆಲೆ ಕೊಳ್ಳುವವರ ಸಂಪತ್ತನ್ನೂ ಒಲವನ್ನೂ ಅವಲಂಬಿಸಿದೆ. ಹಾಟ್ ರಾಡ್ ಈ ಹೊರಗಿಟ್ಟ ವರ್ಗಕ್ಕೆ ಸೇರಿದುದು.

ಆ ಒಲವಾದರೂ ಕೊಳ್ಳುವವನ ಸ್ವಂತದ್ದೇ ಎಂದರೆ ಪೂರ್ತಿ ನಿಜವಲ್ಲ. ಕೇನ್ಸ್ ೧೯೩೬ರಲ್ಲಿ ಷೇರುಪೇಟೆಯನ್ನು ಒಂದು ಸೌಂದರ್ಯಸ್ಪರ್ಧೆಗೆ ಹೋಲಿಸಿದನು. ಅಲ್ಲಿ ಬಹುಮಾನ ಬೇಕಾದವನು ತನಗೆ ಸುಂದರವಾಗಿ ಕಂಡ ಮುಖವನ್ನಲ್ಲ, ಉಳಿದವರು ಸುಂದರವೆಂದು ಭಾವಿಸುವ ಮುಖವನ್ನು ಆರಿಸಬೇಕು. ದೊಡ್ಡ ಮೊತ್ತ ಕೊಟ್ಟು ಹಾಟ್ ರಾಡ್ ಕೊಳ್ಳುವವನೂ ಅದನ್ನೇ ಮಾಡುತ್ತಾನೆ. ಕ್ಯಾಬ್ರಿಯೊಲೆ ಅವನಿಗೆ ಮೆಚ್ಚಿಕೆಯಾಗಬಹುದು. ಮಳೆಯಲ್ಲಿ ಗಾಜು ಏರಿಸಿಕೊಂಡು ಹೆಂಡತಿಯೊಡನೆ ದೂರ ಪ್ರಯಾಣ ಮಾಡಬಹುದೆಂದು ಅವನಿಗೆ ಗೊತ್ತು. ಆದರೆ ನಾಳೆ ನನ್ನಿಂದ ಇದನ್ನು ಯಾರು ಕೊಳ್ಳುವರು ಎಂಬ ಪ್ರಶ್ನೆ ಎದುರಾದೊಡನೆ ರೋಡ್‌ಸ್ಟರಿನ ಕಡೆಗೆ ತಿರುಗುತ್ತಾನೆ. ಹೀಗೆ ಪ್ರತಿಯೊಬ್ಬನೂ ಇನ್ನೊಬ್ಬನ ಅಭಿರುಚಿಗೆ ಅಂಜಿ ನಡೆಯುವುದರಿಂದ ಹಳೆಯ ಶ್ರೇಣಿ ತಾನೇ ತಾನಾಗಿ ಉಳಿದುಬರುತ್ತದೆ.

ಇದಕ್ಕೆ ಕಾಲದ ಗುರುತೂ ಸೇರಿಕೊಳ್ಳುತ್ತದೆ. ೧೯೭೦ರಲ್ಲಿ ಇಲಿನಾಯ್ ಸಂಸ್ಥಾನದ ಪಿಯೋರಿಯದಲ್ಲಿ ಸ್ಟ್ರೀಟ್ ರಾಡುಗಳ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆದ ಮೇಲೆ ಬೀದಿಯಲ್ಲಿ ಸುಖವಾಗಿ ಓಡಿಸುವ ಹಾಟ್ ರಾಡುಗಳು ಹೆಚ್ಚಿದುವು. ಎಂಬತ್ತು ತೊಂಬತ್ತರ ದಶಕಗಳಲ್ಲಿ ಕಡೆದ ಅಲ್ಯೂಮಿನಿಯಮ್ಮಿನ ಚಕ್ರಗಳೂ ತಿಳಿಬಣ್ಣಗಳೂ ನುಣುಪಾದ ಮೈಯೂ ರೂಢಿಗೆ ಬಂದುವು. ಆಮೇಲೆ ಅಭಿರುಚಿ ಮತ್ತೆ ನಲವತ್ತರ ದಶಕದ ಒರಟು ಸಂಪ್ರದಾಯದ ಕಡೆಗೆ ಹೊರಳಿತು. ನಡುವಣ ಆ ಎರಡು ದಶಕಗಳಲ್ಲಿ ಮನೆಯ ಹಿತ್ತಿಲಿನಲ್ಲಿ ಶ್ರದ್ಧೆಯಿಂದ ಮಾಡಿದ ಕಾರುಗಳು ಈಗ ಹೊಸವೂ ಅಲ್ಲ, ಪುರಾತನವೂ ಅಲ್ಲ. ಅದೂ ಕ್ಯಾಬ್ರಿಯೊಲೆಯಾಗಿದ್ದರೆ ಎರಡು ದೋಷಗಳು ಒಂದರ ಮೇಲೊಂದು ಕೂಡಿದಂತಾಯಿತು.

೮. ಉಪಸಂಹಾರ

ಇಷ್ಟೆಲ್ಲ ವಿಚಾರದಿಂದ ಇತಿಹಾಸದ ವಿದ್ಯಾರ್ಥಿಗೆ ಒದಗುವ ಪ್ರಯೋಜನವೇನು? ಮಾರಾಟವಾಗದ ಕಾರು ಸುಮ್ಮನೆ ನಿಂತಿರುವುದಿಲ್ಲ. ಕೊಳ್ಳುವವರು ಸಿಕ್ಕದಿದ್ದರೆ ಅದನ್ನು ಬಿಡಿಬಿಡಿಯಾಗಿ ಮಾರುತ್ತಾರೆ. ಇಲ್ಲವೆ ಹೊಸ ಒಡೆಯನು ಹಿಂದಿನವನ ಕೆಲಸವನ್ನೆಲ್ಲ ಕಿತ್ತು, ೧೯೪೮ರಲ್ಲಿ ಮಾಡಿದಂತೆ ಕಾಣುವ ಹಾಗೆ ಮತ್ತೆ ಕಟ್ಟುತ್ತಾನೆ. ಎರಡರಿಂದಲೂ ನಾಶವಾಗುವುದು ಸಾಕ್ಷ್ಯ. ಎಪ್ಪತ್ತು ಎಂಬತ್ತರ ದಶಕಗಳ ಹೆಸರಿಲ್ಲದ ಕುಶಲಕರ್ಮಿಗಳು ಏನನ್ನು ಚೆಲುವೆಂದು ತಿಳಿದಿದ್ದರು, ಯಾವ ತೊಡಕನ್ನು ಹೇಗೆ ಬಿಡಿಸಿಕೊಂಡರು ಎಂಬುದಕ್ಕೆ ಆ ಕಾರುಗಳೇ ಬರಹ. ಬೇರೆ ಬರಹವನ್ನು ಅವರಲ್ಲಿ ಬಹುಮಂದಿ ಬಿಟ್ಟುಹೋಗಿಲ್ಲ.

ಬೇಲೂರಿನ ಚೆನ್ನಕೇಶವ ದೇವಾಲಯದ ಗೋಪುರ ವಿಜಯನಗರದ ಕಾಲದಲ್ಲಿ ಮತ್ತೆ ಕಟ್ಟಿದುದು. ಹೊಯ್ಸಳರ ಕೆಲಸದೊಡನೆ ಅದು ಹೊಂದುವುದಿಲ್ಲವೆಂದು ಹೇಳುವವರುಂಟು. ಆದರೂ ಅದನ್ನು ಕೆಡವಿ ೧೧೧೭ರ ಸ್ಥಿತಿಗೆ ತರಬೇಕೆಂದು ವಿವೇಕಿಗಳು ಯಾರೂ ಹೇಳಲಾರರು. ಏಕೆಂದರೆ ಆ ಗೋಪುರವೂ ಒಂದು ಕಾಲದ ಭಕ್ತಿಗೆ, ಒಂದು ಕಾಲದ ಕೈಗೆ ಸಾಕ್ಷಿ. ದೇವಾಲಯವನ್ನೂ ಕಾರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನ ಅಭಿಪ್ರಾಯವಲ್ಲ. ಮಾರ್ಪಾಡೂ ಚರಿತ್ರೆಯೇ ಎಂಬ ತತ್ತ್ವ ಮಾತ್ರ ಎರಡಕ್ಕೂ ಸಮಾನ. ತಮಾಷೆಯೆಂದರೆ, ಮಾರ್ಪಾಡನ್ನೇ ಪ್ರಾಣವಾಗಿ ಉಳ್ಳ ಹಾಟ್ ರಾಡ್ ಲೋಕವೇ ಒಂದು ಗೊತ್ತಾದ ದಶಕದ ಮಾರ್ಪಾಡನ್ನು ಮಾತ್ರ ಪವಿತ್ರವೆಂದು ಹಿಡಿದು, ಉಳಿದುದನ್ನು ಅಪಭ್ರಂಶವೆಂದು ತಳ್ಳುತ್ತಿದೆ.

ಆದುದರಿಂದ ಬೆಲೆಯನ್ನು ಮಹತ್ತ್ವದ ಅಳತೆಗೋಲೆಂದು ಸ್ವೀಕರಿಸುವ ಮುನ್ನ ಇತಿಹಾಸಕಾರನು ಎರಡು ಸಲ ಯೋಚಿಸಬೇಕು. ೧೯೩೦ರ ದಶಕದ ಕಾರು ವ್ಯಾಪಾರಿಯನ್ನು ಕೇಳಿದ್ದರೆ, ಅಂಗಳದ ಮೂಲೆಯಲ್ಲಿ ಮಳೆಗೆ ನೆನೆಯುತ್ತ ನಿಂತ ರೋಡ್‌ಸ್ಟರ್ ಯಾರಿಗೂ ಬೇಡದ ವಸ್ತುವೆಂದೇ ಅವನು ಹೇಳುತ್ತಿದ್ದನು. ಅವನು ಹೇಳಿದ ಬೆಲೆ ಆ ದಿನಕ್ಕೆ ಸರಿಯಾಗಿಯೇ ಇತ್ತು. ಇಂದು ಕ್ಯಾಬ್ರಿಯೊಲೆಗೆ ಹೇಳುವ ಬೆಲೆಯೂ ಇಂದಿನ ಮಟ್ಟಿಗೆ ಸರಿಯಾಗಿರಬಹುದು. ಆದರೆ ಆ ವ್ಯಾಪಾರಿ ತನಗೆ ಬೇಡವಾದುದನ್ನು ಒಡೆದುಹಾಕದೆ ಅಂಗಳದಲ್ಲಿ ಉಳಿಸಿದ್ದರಿಂದಲೇ ಹಣವಿಲ್ಲದ ತರುಣನೊಬ್ಬನು ಬಂದು ಅದನ್ನು ಕೊಳ್ಳಲು ಸಾಧ್ಯವಾಯಿತೆಂಬುದನ್ನು ನಾವು ನೆನಪಿನಲ್ಲಿಡುವುದು ಒಳ್ಳೆಯದು.